ಆಟಿ ಕಳೆಂಜನನ್ನು ನೋಡುವ ಬಗೆ

ಕಳೆಂಜನ ಕುಣಿತ ನೋಡಲು ಕಾಸರಗೋಡಿನ ಮೀಂಜಕ್ಕೆ ಬರುವವರು ಅದರ ಹಿಂದಿನ ಮೌನವನ್ನು ಮೊದಲು ತಿಳಿದಿರಬೇಕು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ, ಪತ್ತನಾಜೆ. ಅಂದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ಆಮೇಲೆ ಇಲ್ಲಿನ ಮೀಯಪದವಿನ ಮುರಕಲ್ಲಿನ ಗುಡ್ಡದಿಂದ ತಗ್ಗಿನ ಅಡಿಕೆ ತೋಟದವರೆಗೆ ಮಳೆಯದೇ ಸದ್ದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ. ಆಗ ದೈವಗಳು ಘಟ್ಟ ಹತ್ತಿರುತ್ತವೆ ಎಂಬುದು ತುಳುವರ ನಂಬಿಕೆ. ಜ್ವರ ಹಬ್ಬುವ, ಹಿಂದೆಲ್ಲ ಅಕ್ಕಿ ಮುಗಿದು ಕೆಸು, ತಗತೆ ಸೊಪ್ಪು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯಲ್ಲಿ ದಿನ ದೂಡುತ್ತಿದ್ದ ಈ ತಿಂಗಳಲ್ಲಿ ಮನೆಮನೆಗೆ ಬರುವವನು ಕಳೆಂಜ. ಊರಿನ ಮಾರಿ ಕಳೆಯಲು ಬರುತ್ತಾನೆ.

ಮೊದಲು ಕೇಳಿ, ಆಮೇಲೆ ನೋಡಿ. ತೋಟದ ಆಚೆಯಿಂದಲೇ ತೆಂಬರೆಯ ಸದ್ದು ಕೇಳಿಸುತ್ತದೆ. ಪುಟ್ಟ ಚರ್ಮವಾದ್ಯ, ಸಪೂರ ಕೋಲು. ಜೊತೆಗೆ ಬಂದವರು ಅದನ್ನು ಬಡಿಯುತ್ತ ಕಳೆಂಜನ ಪಾಡ್ದನ, ಅಂದರೆ ಹಾಡುಗತೆ, ಹೇಳುತ್ತಾರೆ. ತುಳು ಬಾರದಿದ್ದರೂ ತೊಂದರೆಯಿಲ್ಲ. ಮರಳಿ ಮರಳಿ ಬರುವ ಸೊಲ್ಲನ್ನು ಹಿಡಿದುಕೊಳ್ಳಿ, ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ.

ಇನ್ನು ವೇಷ. ನನಗೆ ಇಲ್ಲಿ ಅತ್ಯಂತ ಪ್ರಿಯವಾದದ್ದು ಕೈಕೆಲಸ. ಸೊಂಟದ ಸುತ್ತ ಇಳಿಬಿಟ್ಟದ್ದು ತೆಂಗಿನ ಎಳೆಗರಿ, ಅಂದರೆ ತಿರಿ. ಅದನ್ನು ಎಳೆಎಳೆಯಾಗಿ ಸೀಳಿ ಕಟ್ಟಬೇಕು; ಬಹಳ ದಿನ ಬಾಳುವುದಿಲ್ಲ, ಮತ್ತೆ ಹೊಸದನ್ನೇ ಕಟ್ಟಬೇಕು. ಸೀಳು ಎಷ್ಟು ಸಪೂರವೋ ಕುಣಿಯುವಾಗ ಅಷ್ಟು ಚೆನ್ನಾಗಿ ಅಲೆಯುತ್ತದೆ. ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಅದಕ್ಕೆ ಕೇಪಳದ ಕೆಂಪು ಹೂ. ಮುಖಕ್ಕೆ ಬಣ್ಣ, ಕಾಲಿಗೆ ಗಗ್ಗರ, ಕೈಯಲ್ಲಿ ತಾಳೆಗರಿಯ ಕೊಡೆ. ಅಂಗಡಿಯಿಂದ ತರುವಂಥದ್ದು ತೀರ ಕಡಿಮೆ. ಹೆಚ್ಚಿನದನ್ನೆಲ್ಲ ತೋಟ, ಗುಡ್ಡಗಳೇ ಕೊಡುತ್ತವೆ.

ಕುಣಿತದಲ್ಲಿ ಯಕ್ಷಗಾನದ ಧಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಹುಡುಕಬೇಡಿ. ಹೆಜ್ಜೆ ಚಿಕ್ಕದು, ಪಾಚಿಗಟ್ಟಿದ ಅಂಗಳಕ್ಕೆ ತಕ್ಕದ್ದು. ಸೊಗಸೆಲ್ಲ ಕೊಡೆ ತಿರುಗುವುದರಲ್ಲಿದೆ. ಕೊಡೆಯ ಸುತ್ತು, ಗಗ್ಗರದ ಸದ್ದು, ತೆಂಬರೆಯ ಪೆಟ್ಟು ಒಂದಾಗುವ ಗಳಿಗೆಗಾಗಿ ಕಾಯಿರಿ. ಒಳ್ಳೆಯ ಕಳೆಂಜ ಅದನ್ನು ಅವಸರದಿಂದ ತರುವುದಿಲ್ಲ.

ಆಮೇಲೆ ಮನೆಯವರು ಅಕ್ಕಿ, ತೆಂಗಿನಕಾಯಿ, ಉಪ್ಪು, ಮೆಣಸು, ಹುಳಿ, ಅರಸಿನ, ಮಸಿ ತಂದಿಡುತ್ತಾರೆ. ಈ ಕೊಡುಕೊಳ್ಳುವಿಕೆಯನ್ನು ಕಲೆಯಿಂದ ಬೇರೆ ಮಾಡಿ ನೋಡಿದರೆ ಅರ್ಧ ತಪ್ಪಿತು. ಬಡತನದ ತಿಂಗಳಲ್ಲಿ ಒಂದು ಮನೆಯ ಕಷ್ಟವನ್ನು ಹೊತ್ತುಕೊಂಡು, ಇನ್ನೊಂದು ಮನೆ ಅಂದಿನ ಗಂಜಿಗೆ ದಾರಿ ಮಾಡಿಕೊಳ್ಳುತ್ತಿತ್ತು. ಕಾಸರಗೋಡಿನ ತೆಂಕಣ ಮಲಯಾಳ ಊರುಗಳಲ್ಲೂ ಇದೇ ಕರ್ಕಾಟಕ ಮಾಸದಲ್ಲಿ ಆಡಿ, ವೇಡನ್, ಗಳಿಂಜನ್ ಮನೆಮನೆಗೆ ಬರುತ್ತಾರೆ. ಮಾತು ಬೇರೆಯಾದರೂ ಮಳೆಯ ಭಯ ಒಂದೇ.

ಆಟಿಯಲ್ಲಿ ಬಂದವರು ಅಮಾವಾಸ್ಯೆಗೂ ಇರಿ. ಬೆಳಕು ಹರಿಯುವ ಮೊದಲು ಕಲ್ಲಿನಿಂದ ಜಜ್ಜಿ ತೆಗೆದ ಹಾಲೆ ಮರದ ತೊಗಟೆಯ ಕಹಿ ಕಷಾಯ, ಮೇಲೆ ಮೆಂತೆ ಗಂಜಿ. ಸಂಜೆ ಎಲ್ಲಾದರೂ ರಾಮಾಯಣ ಓದು ಅಥವಾ ತಾಳಮದ್ದಳೆ ಇದ್ದರೆ ಹೋಗಿ ಕುಳಿತುಕೊಳ್ಳಿ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನೆಲವಿದು, ಅರ್ಥಗಾರಿಕೆಗೆ ಇಲ್ಲಿ ಒಳ್ಳೆಯ ಕಿವಿಗಳಿವೆ. ಮುಂದಿನ ಸೋಣ ತಿಂಗಳಿಗೆ ಜೋಗಿ ಕುಣಿತವಿದೆ.

ಈಗ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂಬ ಕಾರ್ಯಕ್ರಮಗಳ ವೇದಿಕೆಗಳಲ್ಲಿ ಕಳೆಂಜ ಹೆಚ್ಚಾಗಿ ಕಾಣುತ್ತಾನೆ. ಮಕ್ಕಳಿಗೆ ಪರಿಚಯವಾಗಲು ಅದೂ ಬೇಕು. ಆದರೆ ಚಪ್ಪಾಳೆಗೆ ಕುಣಿಯುವ ಕಳೆಂಜ ಯಾರ ಮನೆಯ ಮಾರಿಯನ್ನೂ ಕಳೆಯುವುದಿಲ್ಲ. ಅವನು ಸೇರಿದ್ದು ಅಂಗಳಕ್ಕೆ. ಇನ್ನೊಂದು ಮಾತನ್ನೂ ಹೇಳದೆ ಇರಲಾರೆ. ಈ ಕುಣಿತವನ್ನು ತಲೆಮಾರುಗಳಿಂದ ಹೊತ್ತು ತಂದವರು ನಲಿಕೆ ಸಮುದಾಯದವರು. ಊರಿನ ರೋಗವನ್ನೆಲ್ಲ ಒಯ್ಯಬೇಕಾದವರನ್ನು ಊರು ಅಂಗಳದಲ್ಲೇ ನಿಲ್ಲಿಸಿತು. ಪಾಡ್ದನವೂ ತಿರಿ ಸೀಳುವ ಕೈಚಳಕವೂ ಅವರ ಸ್ವಂತ ವಿದ್ಯೆ. ಕುಣಿತ ಮುಗಿದ ಮೇಲೆ ಅವರನ್ನು ಜಗಲಿಗೆ ಕರೆಯಿರಿ, ಬಿಸಿ ಕಾಫಿ ಕೊಡಿ, ಯಾರಿಂದ ಕಲಿತಿರೆಂದು ಕೇಳಿ. ಫೋಟೋ ತೆಗೆಯುವುದಿದ್ದರೆ ಅದರ ನಂತರ ತೆಗೆಯಿರಿ.