ಪಶುಗಳಲ್ಲಿ ಸಂಸ್ಕೃತಿಯ ಸಂಚಯ

ಎಲ್ಲೋರದ ಕೈಲಾಸ ದೇಗುಲವನ್ನು ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಶಿಲ್ಪಿಗಳು ಏನೂ ಇಲ್ಲದೆಡೆಯಿಂದ ಕಲ್ಪಿಸಿದವರಲ್ಲ. ಕಂಚಿಯ ಕೈಲಾಸನಾಥದ ಪ್ರಭಾವ ಪಟ್ಟದಕಲ್ಲಿನ ವಿರೂಪಾಕ್ಷದಲ್ಲಿದೆ. ವಿರೂಪಾಕ್ಷದ ವಿನ್ಯಾಸ ಎಲ್ಲೋರದ ಬಂಡೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿದಿದೆ. ಹಿಂದಿನವರು ನಿಲ್ಲಿಸಿದಲ್ಲಿಂದ ಮುಂದಿನವರು ತೊಡಗುವ ಈ ಕ್ರಮವೇ ಸಂಸ್ಕೃತಿಯ ಸಂಚಯ. ಆ ಬೆಟ್ಟಗಳಲ್ಲಿ ಅಲೆಯುವ ಮುಸುವದಂತಹ ಜೀವಿಗಳಿಗೂ ಇದು ಉಂಟೇ ಎಂಬುದು ಪ್ರಾಣಿಶಾಸ್ತ್ರಜ್ಞರ ಇಂದಿನ ಜಿಜ್ಞಾಸೆ.

ಚರ್ಚೆಯ ಗೊಂದಲವೆಲ್ಲ ಸಂಪ್ರದಾಯವನ್ನೇ ಸಂಚಯವೆಂದು ಎಣಿಸುವುದರಿಂದ ಹುಟ್ಟಿದೆ. ಜಪಾನಿನ ಕೋಶಿಮಾ ದ್ವೀಪದಲ್ಲಿ 1953ರಲ್ಲಿ ಇಮೋ ಎಂಬ ಎಳೆಯ ಹೆಣ್ಣುಕೋತಿ ಗೆಣಸನ್ನು ತೊಳೆದು ತಿಂದಿತು. ತಾಯಿಯೂ ಒಡನಾಡಿಗಳೂ ಅದನ್ನು ಕಲಿತರು. ತಲೆಮಾರು ದಾಟಿ ಅದು ರೂಢಿಯಾಯಿತು. ತೊರೆಯ ನೀರನ್ನು ಬಿಟ್ಟು ಕಡಲನೀರಿಗೆ ತಿರುಗಿದ್ದನ್ನು ಸುಧಾರಣೆಯೆನ್ನುವವರಿದ್ದಾರೆ. ಆದರೆ ಒಂಟಿ ಕೋತಿಯೊಂದು ತನ್ನ ಆಯುಷ್ಯದಲ್ಲಿ ಕಂಡುಕೊಳ್ಳಲಾರದಂತಹುದು ಅದರಲ್ಲಿ ಏನಿದೆ? ಒಂಟಿ ಶಿಲ್ಪಿ ಕೈಲಾಸವನ್ನು ಕಡೆಯಲಾರ. ಗೆಣಸು ತೊಳೆಯಲು ಒಂದು ಇಮೋ ಸಾಕು.

ಪಾರಿವಾಳಗಳ ಸಾಕ್ಷ್ಯ ಇದಕ್ಕಿಂತ ಬಲವಾದುದು. 2017ರಲ್ಲಿ ತಕಾವೊ ಸಸಾಕಿ ಮತ್ತು ಡೋರಾ ಬಿರೋ ಪ್ರಕಟಿಸಿದ ಪ್ರಯೋಗದಲ್ಲಿ, ಜೋಡಿಯ ಹಳೆಯ ಹಕ್ಕಿಯನ್ನು ತೆಗೆದು ದಾರಿ ತಿಳಿಯದ ಹೊಸದನ್ನು ಸೇರಿಸುತ್ತ ಹೋದಂತೆ ಗೂಡಿಗೆ ಮರಳುವ ಹಾದಿ ನೇರವಾಗುತ್ತ ಬಂತು. ಬದಲಾಗದ ಜೋಡಿಗಳೂ ಒಂಟಿ ಹಕ್ಕಿಗಳೂ ಅಷ್ಟು ದೂರ ಸಾಗಲಿಲ್ಲ. ಇದು ಸಂಚಯವೇ ಸರಿ, ಅಲ್ಲಗಳೆಯಬೇಕಾಗಿಲ್ಲ. ಆದರೆ ಸರಳರೇಖೆಯನ್ನು ಮುಟ್ಟಿದ ಮೇಲೆ ಸುಧಾರಿಸಲು ಏನೂ ಉಳಿಯದು. 2024ರಲ್ಲಿ ವರದಿಯಾದ ದುಂಬಿಗಳು ತಾವಾಗಿ ಬಿಡಿಸಲಾರದ ಎರಡು ಹಂತದ ಒಗಟನ್ನು ಒಂದರಿಂದೊಂದು ಕಲಿತವು, ನಿಜ. ಆದರೆ ಮೊದಲ ದುಂಬಿಗೆ ಗುರುವಾದವನು ಮನುಷ್ಯ.

ಕನ್ನಡನಾಡಿನ ಸಾಕ್ಷ್ಯವೂ ಮನುಷ್ಯನ ಮಗ್ಗುಲಲ್ಲೇ ದೊರೆತಿರುವುದು ಗಮನಾರ್ಹ. ಬಂಡೀಪುರದ ಕೋತಿಗಳು ಕೈಚಾಚಿ, ವಿಶಿಷ್ಟ ದನಿಗೈದು, ಪ್ರವಾಸಿಗಳಿಂದ ತಿನಿಸು ಬೇಡುವುದನ್ನು ಅದ್ವೈತ ದೇಶಪಾಂಡೆ, ಶ್ರೀಜಾತಾ ಗುಪ್ತಾ, ಅನಿಂದ್ಯ ಸಿನ್ಹಾ 2018ರಲ್ಲಿ ವಿವರಿಸಿ, ಅದು ಉದ್ದೇಶಪೂರ್ವಕ ಸಂವಹನವೆಂದು ವಾದಿಸಿದರು. (ಹನುಮನ ಜನ್ಮಸ್ಥಾನ ನಾಸಿಕದ ಅಂಜನೇರಿಯೋ ಆನೆಗೊಂದಿಯ ಅಂಜನಾದ್ರಿಯೋ ಎಂದು ಕಾದಾಡುವವರು, ಕೋತಿಗಳು ಯಾತ್ರಿಕರಿಂದ ಏನನ್ನು ಕಲಿಯುತ್ತವೆಂದು ವಿಚಾರಿಸಿದಂತಿಲ್ಲ.) ಸಂವಹನದ ಮಟ್ಟಿಗೆ ಆ ವಾದ ಗಟ್ಟಿಯಾದುದು. ಮಗಳು ತಾಯಿಗಿಂತ ಜಾಣತನದಿಂದ ಬೇಡುತ್ತಾಳೆಯೇ ಎಂಬುದು ಮಾತ್ರ ಆ ಪ್ರಬಂಧದ ವ್ಯಾಪ್ತಿಗೆ ಹೊರಗು; ಅದಕ್ಕೆ ತಲೆಮಾರುಗಳ ದಾಖಲೆ ಬೇಕು.

ಆ ದಾಖಲೆಗೆ ಅವಸರವೂ ಇದೆ. ಸಂಚಯವಿಲ್ಲದ ಸಂಪ್ರದಾಯವೂ ನಷ್ಟವಾಗಬಲ್ಲದು: ಆಸ್ಟ್ರೇಲಿಯದ ರೀಜೆಂಟ್ ಹನಿಈಟರ್ ಹಕ್ಕಿಗಳು ವಿರಳವಾದಾಗ, ಕಲಿಸುವ ಹಿರಿಯರಿಲ್ಲದೆ ಕೆಲವು ಗಂಡುಗಳು ಬೇರೆ ಜಾತಿಯ ಹಾಡನ್ನು ಹಾಡತೊಡಗಿದ್ದು 2021ರಲ್ಲಿ ವರದಿಯಾಯಿತು. ಯಾವ ಮರ ಯಾವ ತಿಂಗಳು ಹಣ್ಣಾಗುವುದೆಂದು ಬಲ್ಲ ಮುದಿಕೋತಿಯ ಬೆನ್ನುಹತ್ತಿ ಅಲೆಯಬೇಕಾದ ಬಂಡೀಪುರದ ಮರಿ ಈಗ ರಸ್ತೆಯಂಚಿನಲ್ಲಿ ಕುಳಿತು ಕಾರಿನ ಕಿಟಕಿಯನ್ನು ನೋಡುತ್ತಿದೆ.