ಸಂಪನ್ಮೂಲ ವ್ಯಕ್ತಿಯೂ 179 ರೂಪಾಯಿ 20 ಪೈಸೆಯೂ

ಕಾನೂನು ಕಾಲೇಜುಗಳ ಕಾರ್ಯಾಗಾರಗಳಿಗೆ ನಮ್ಮಂಥ ಕತೆಗಾರರನ್ನು ಕರೆಯುವುದು ಕಡಿಮೆ. ಕರೆದರೆ ‘ಕಾನೂನು ಮತ್ತು ಸಾಹಿತ್ಯ’ ಎಂಬ ವಿಷಯ ಕೊಟ್ಟು, ಆಹ್ವಾನ ಪತ್ರಿಕೆಯಲ್ಲಿ ನಮ್ಮ ಹೆಸರಿನ ಕೆಳಗೆ ‘ಸಂಪನ್ಮೂಲ ವ್ಯಕ್ತಿ’ ಎಂದು ಅಚ್ಚು ಹಾಕಿಸುತ್ತಾರೆ. ಹೀಗೆ ನಾಲ್ಕೈದು ಕಡೆ ಹೋಗಿ ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲವನ್ನೂ ಪಡೆದು ಬಂದಿದ್ದೇವೆ. ಆದ್ದರಿಂದ ಇಲ್ಲಿ ದೂರುವಾಗ ನಮ್ಮನ್ನೂ ಸೇರಿಸಿಕೊಂಡೇ ದೂರುತ್ತಿದ್ದೇವೆಂದು ಓದುಗರು ತಿಳಿಯಬೇಕು.

ಈ ಕಾರ್ಯಕ್ರಮಗಳ ರೂಪ ಎಲ್ಲ ಕಡೆ ಒಂದೇ. ಹತ್ತಕ್ಕೆ ಎಂದದ್ದು ಹನ್ನೊಂದಕ್ಕೆ ಶುರು. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರೆರೆದು ಉದ್ಘಾಟನೆ, ಅತಿಥಿಯ ಪರಿಚಯ. ಆಮೇಲೆ ನಲವತ್ತು ನಿಮಿಷದ ಭಾಷಣ. ಪ್ರಶ್ನೆಗಳಿಗೆ ‘ಸಮಯದ ಅಭಾವ’. ವಂದನಾರ್ಪಣೆಗೆ ಮಾತ್ರ ಸಮಯದ ಅಭಾವ ಬಂದದ್ದನ್ನು ನಾವು ಈವರೆಗೆ ಕಂಡಿಲ್ಲ. ಇದಕ್ಕೆ ಕಾಲೇಜಿನವರನ್ನಷ್ಟೇ ಬೈದು ಪ್ರಯೋಜನವಿಲ್ಲ. 2010ರ ಯುಜಿಸಿ ನಿಯಮಾವಳಿ ವಿಚಾರ ಸಂಕಿರಣ, ಉಪನ್ಯಾಸಗಳಿಗೆ ಅಂಕ ಇಟ್ಟು ಅಧ್ಯಾಪಕರ ಬಡ್ತಿಗೆ ಅದನ್ನು ಗಂಟು ಹಾಕಿತು. ನ್ಯಾಕ್ ಸಮಿತಿಗೆ ವರದಿ ಬೇಕು, ಹಾಜರಾತಿ ಪಟ್ಟಿ ಬೇಕು, ಸ್ಥಳ ನಮೂದಾದ ಫೋಟೋ ಬೇಕು. ಫೋಟೋ ಬಂದರೆ ಕಾರ್ಯಾಗಾರ ಆಯಿತು. ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ ‘ಅತಿಥಿ ಉಪನ್ಯಾಸಕ’ ಎಂದರೆ ವರ್ಷವಿಡೀ ಪಾಠ ಮಾಡಿಯೂ ಕೆಲಸ ಕಾಯಂ ಆಗದೆ ಉಳಿದ ಮೇಷ್ಟ್ರು. ನಾವು ನೋಡಿದ ಕಡೆಯೆಲ್ಲ ಒಂದು ದಿನದ ಅತಿಥಿಗೆ ಕುರ್ಚಿ ಹಾಕಿಸಿದವರು, ಮೈಕು ಸರಿ ಮಾಡಿದವರು ಈ ವರ್ಷವಿಡೀ ಅತಿಥಿಗಳೇ.

ಒಂದು ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಕಂಡದ್ದನ್ನು ಹೇಳಬೇಕು. ವಿಷಯ ‘ಮಹಿಳೆ ಮತ್ತು ಕಾನೂನು’. ನಮಗಿಂತ ಮೊದಲು ಬೆಂಗಳೂರಿನಿಂದ ಬಂದ ಹಿರಿಯ ವಕೀಲರೊಬ್ಬರು ಜೀವನಾಂಶದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದರು. ಶಾಬಾನೊ ಪ್ರಕರಣದ 1985ರ ತೀರ್ಪು, 1986ರ ಕಾಯಿದೆ, ಆ ಕಾಯಿದೆಯನ್ನು ಉಳಿಸಿಕೊಂಡೇ ವಿಚ್ಛೇದಿತೆಯ ಮುಂದಿನ ಬದುಕಿಗೂ ಗಂಡನೇ ಏರ್ಪಾಡು ಮಾಡಬೇಕೆಂದ 2001ರ ಡ್ಯಾನಿಯಲ್ ಲತೀಫಿ ತೀರ್ಪು, ಎಲ್ಲವನ್ನೂ ಕ್ರಮವಾಗಿ ಹೇಳಿದರು. ತಪ್ಪು ಒಂದೂ ಇರಲಿಲ್ಲ. 1986ಕ್ಕೇ ಕತೆ ಮುಗಿಸಿ ನಮ್ಮ ಸಮುದಾಯಕ್ಕೆ ಉಪದೇಶ ಮಾಡುವ ಭಾಷಣಗಳನ್ನು ಸಾಕಷ್ಟು ಕೇಳಿದ ನಮಗೆ ಅದು ಸಮಾಧಾನವನ್ನೇ ತಂದಿತು.

ಆದರೆ ಆ ಭಾಷಣದಲ್ಲಿ ಶಾಬಾನೊ ಇರಲಿಲ್ಲ, ಅವರ ಹೆಸರಿನ ಮೊಕದ್ದಮೆ ಇತ್ತು. ಇಂದೋರಿನ ಆ ವೃದ್ಧೆ 1978ರಲ್ಲಿ ಕೇಳಿದ್ದು ತಿಂಗಳಿಗೆ 500 ರೂಪಾಯಿ. ಆಗಿನ 125ನೇ ಕಲಮಿನ ಮಿತಿಯೇ ಅಷ್ಟು. ಗಂಡ ಸ್ವತಃ ವಕೀಲ. 1979ರಲ್ಲಿ ಮ್ಯಾಜಿಸ್ಟ್ರೇಟರು ಕೊಡಿಸಿದ್ದು 25 ರೂಪಾಯಿ. 1980ರಲ್ಲಿ ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ದೇಶವನ್ನು ಅಲುಗಾಡಿಸಿದ ತೀರ್ಪಿನ ಹೊಟ್ಟೆಯಲ್ಲಿದ್ದದ್ದು ಈ ಮೊತ್ತ. ಆ 20 ಪೈಸೆಯ ಲೆಕ್ಕ ಎಲ್ಲಿಂದ ಬಂತೆಂದು ಒಬ್ಬ ವಿದ್ಯಾರ್ಥಿಯಾದರೂ ಕೇಳಬೇಕಿತ್ತು. ಅಂಕಿಯನ್ನೇ ಹೇಳದಿದ್ದರೆ ಕೇಳುವುದು ಹೇಗೆ?

ಇನ್ನೂ ದೊಡ್ಡ ಸಂಗತಿ ಬಿಟ್ಟುಹೋಗಿತ್ತು. ಗೆದ್ದ ಕೆಲವೇ ತಿಂಗಳಿಗೆ, 1985ರ ನವೆಂಬರಿನಲ್ಲಿ, ಶಾಬಾನೊ ಹೆಸರಿನಲ್ಲಿ ಉರ್ದುವಿನಲ್ಲಿ ಒಂದು ಬಹಿರಂಗ ಪತ್ರ ಬಂತು. ಈ ತೀರ್ಪು ತಮಗೆ ಬೇಡವೆಂಬುದು ಅದರ ಸಾರ. ಕೆಳಗೆ ಅವರ ಹೆಬ್ಬೆಟ್ಟು. ಅದು ಅವರ ಮನಸ್ಸಿನ ಮಾತೋ, ಸುತ್ತ ನಿಂತವರ ಮಾತೋ? ಒತ್ತಡವಿತ್ತು ಎಂದವರಿದ್ದಾರೆ, ಅವರ ಸ್ವಂತ ನಂಬಿಕೆಯೇ ಅದು ಎಂದವರೂ ಇದ್ದಾರೆ. ಎರಡರಲ್ಲಿ ಒಂದನ್ನು ಆರಿಸಲು ನಮಗಂತೂ ಧೈರ್ಯವಿಲ್ಲ. ಆದರೆ ವಕೀಲರಾಗಲಿರುವವರಿಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ? ಬರೆದವರು ಒಬ್ಬರು, ಹೆಬ್ಬೆಟ್ಟು ಇನ್ನೊಬ್ಬರದು. ನಾಳೆ ಅವರ ಮೇಜಿಗೆ ಬರುವ ಅರ್ಜಿ, ಮುಚ್ಚಳಿಕೆ, ಪ್ರಮಾಣಪತ್ರಗಳಲ್ಲಿ ಎಷ್ಟೋ ಹೀಗೆಯೇ ಬರುತ್ತವೆ. ಒಂದು ದಿನದ ಕಾರ್ಯಾಗಾರವನ್ನು ಆ ಒಂದು ಹೆಬ್ಬೆಟ್ಟಿನ ಮೇಲೆಯೇ ನಡೆಸಬಹುದಿತ್ತು.

ಹಿಂದಿನ ಬೆಂಚಿನ ಹುಡುಗ ಹುಡುಗಿಯರು ಸುಮ್ಮನೆ ಕೂತಿದ್ದರು. ಕನ್ನಡ ಮಾಧ್ಯಮದಿಂದ ಬಂದವರು. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯಲ್ಲಿ, ಉತ್ತರವನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಬರೆಯಬೇಕೆಂಬ ಸೂಚನೆ ಇರುತ್ತದೆ. ಪರೀಕ್ಷೆಗೆ ಸಲ್ಲುವ ಕನ್ನಡ ವೇದಿಕೆಗೆ ಯಾಕೆ ಸಲ್ಲದು? ಸಂವಿಧಾನದ 348ನೇ ವಿಧಿಯ ಇಂಗ್ಲಿಷು ಹೈಕೋರ್ಟಿನಲ್ಲಿದೆ, ನಿಜ. ಈ ಮಕ್ಕಳಲ್ಲಿ ಹೆಚ್ಚಿನವರು ಬದುಕು ಕಳೆಯುವುದು ತಾಲೂಕು ಕೋರ್ಟಿನಲ್ಲಿ, ಕನ್ನಡದಲ್ಲಿ.

ನಮ್ಮ ಸರದಿ ಬಂದಾಗ ಸಿದ್ಧಮಾಡಿಕೊಂಡು ಹೋಗಿದ್ದ ಭಾಷಣವನ್ನೇ ಓದಿದೆವು. ಅದೇನೂ ಹೇಳಿಕೊಳ್ಳುವಂತಿರಲಿಲ್ಲ. ಮುಗಿದ ಮೇಲೆ ಹಿಂದಿನಿಂದ ಒಬ್ಬ ಹುಡುಗ ಎದ್ದು, “ಸರ್, ಖುಲಾಸೆ ಅನ್ನೋದು ಉರ್ದು ಪದ ಅಂತಾರೆ, ಅಲ್ಲೂ ಬಿಡುಗಡೆ ಅಂತಲೇ ಅರ್ಥವಾ?” ಎಂದು ಕೇಳಿದ. ಇಲ್ಲಪ್ಪಾ, ಉರ್ದು ಶಾಲೆಯಲ್ಲಿ ಖುಲಾಸಾ ಎಂದರೆ ಪಾಠದ ಸಾರಾಂಶ, ಐದು ಅಂಕಕ್ಕೆ ಬರೆಯುತ್ತಿದ್ದೆವು ಎಂದೆವು. ಸಭೆ ನಕ್ಕಿತು. ಉರ್ದುವಿನ ರಾಜಿನಾಮಾ ಇಬ್ಬರು ಒಪ್ಪಿ ಬರೆದುಕೊಳ್ಳುವ ಪತ್ರ, ಕನ್ನಡದ ರಾಜೀನಾಮೆ ಕೆಲಸ ಬಿಡುವ ಪತ್ರ ಎಂದಾಗ ಮಲಗಿದ್ದವರೂ ಎದ್ದು ಕೂತರು. ವಕೀಲ, ಜಾಮೀನು, ಮಹಜರು, ಫಿರ್ಯಾದಿ, ದಾವೆ... ನಮ್ಮ ಕೋರ್ಟಿನ ಕನ್ನಡ ಹೀಗೆ ಎರಡು ಮನೆಯ ಅನ್ನ ಉಂಡದ್ದು.

ಆಗ ಒಬ್ಬ ಹುಡುಗಿ ಎದ್ದಳು. ಅವರ ಅಜ್ಜಿ ಆಸ್ತಿಯ ವ್ಯಾಜ್ಯದಲ್ಲಿ ಒಂದು ರಾಜಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರಂತೆ. ಕೊನೆಯಲ್ಲಿ ‘ಓದಿ ಕೇಳಿಸಲಾಯಿತು, ಸರಿ ಇದೆ’ ಎಂದು ಬರೆದಿತ್ತಂತೆ. “ಓದಿದ್ದು ನಿಜ ಸರ್. ಅಜ್ಜಿಗೆ ತಿಳೀಲಿಲ್ಲ ಅಂದ್ರೆ ಏನ್ ಮಾಡ್ಬೇಕು?”

ಪೊಲೀಸರು ದೂರನ್ನು ಬರೆದುಕೊಂಡ ಮೇಲೆ ದೂರುದಾರರಿಗೆ ಓದಿ ಹೇಳಿ, ಸಹಿ ಪಡೆದು, ನಕಲನ್ನು ಉಚಿತವಾಗಿ ಕೊಡಬೇಕೆಂಬ ನಿಯಮ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಇದೆ. ಓದಿ ಹೇಳುವುದಕ್ಕೂ ತಿಳಿಸುವುದಕ್ಕೂ ಇರುವ ದೂರವನ್ನು ಆ ಹುಡುಗಿ ಅಜ್ಜಿಯ ಕೈಬೆರಳಿನಿಂದ ಅಳೆದಿದ್ದಳು. ಇಂಥ ಕಾರ್ಯಾಗಾರಕ್ಕೆ ನಿಜವಾದ ಸಂಪನ್ಮೂಲ ವ್ಯಕ್ತಿಗಳು ಆ ಅಜ್ಜಿ, ಉಪನೋಂದಣಿ ಕಚೇರಿಯ ಮುಂದೆ ಕೂರುವ ಪತ್ರ ಬರಹಗಾರ, ವರ್ಷಗಟ್ಟಲೆ ಮುದ್ದತ್ತಿಗೆ ಅಲೆದ ಕಕ್ಷಿದಾರರು. ಅವರನ್ನು ಕರೆಸಲು ಹೊಸ ನಿಯಮವೇನೂ ಬೇಡ. ಪ್ರತಿ ಕಾನೂನು ಕಾಲೇಜಿನಲ್ಲಿ ಉಚಿತ ಕಾನೂನು ನೆರವಿನ ಕೇಂದ್ರ ಇರಬೇಕೆಂದು ವಕೀಲರ ಪರಿಷತ್ತಿನ 2008ರ ನಿಯಮಗಳಲ್ಲೇ ಇದೆ. ಬಾಗಿಲು ತೆರೆದಿಟ್ಟರೆ ಅವರೇ ಬರುತ್ತಾರೆ.

ಹುಡುಗಿ ಇನ್ನೂ ನಿಂತೇ ಇದ್ದಳು. ಸಂಘಟಕರು ಗಡಿಯಾರ ತೋರಿಸಿದರು. ಹಿರಿಯ ವಕೀಲರು ಫೋನು ನೋಡುತ್ತಿದ್ದರು. “ಊಟ ಆದ ಮೇಲೆ ಮಾತಾಡೋಣಮ್ಮಾ” ಎಂದವರು ಬೇರೆ ಯಾರೂ ಅಲ್ಲ, ನಾವೇ. ಊಟವಾದ ಮೇಲೆ ಎರಡೂವರೆಯ ಬಸ್ಸಿತ್ತು. ತಿಂಗಳ ನಂತರ ವರದಿಯ ಪ್ರತಿ ಬಂತು. ಶಾಲು ಹೊದ್ದ ನಮ್ಮ ಫೋಟೋ, ಅದರ ಕೆಳಗೆ ‘ಸಂವಾದ ಫಲಪ್ರದವಾಗಿತ್ತು’ ಎಂಬ ಸಾಲು.