ಬಾರದವಳ ಲೆಕ್ಕ

ಗ್ರಂಥಾಲಯ ವಿಜ್ಞಾನದಲ್ಲಿ ಸಂಶೋಧನೆ ಕಲಿಯಹೊರಟ ನಮ್ಮ ಹುಡುಗಿಯರು ಮೊದಲು ಕೈಗೆತ್ತಿಕೊಳ್ಳುವುದು ಪ್ರಶ್ನಾವಳಿ. ಅದಕ್ಕೂ ಮುಂಚೆ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳ ಪುಸ್ತಕವನ್ನು ಓದಲಿ ಎಂಬುದು ನನ್ನ ಆಸೆ. 1931ರಲ್ಲಿ ಬಂದ ಈ ಇಂಗ್ಲಿಷ್ ಪುಸ್ತಕದ ಸೂತ್ರಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವುದುಂಟು. ಸಂಶೋಧನೆಯ ಪಾಠವೆಂದು ಓದುವುದು ಅಪರೂಪ.

ರಂಗನಾಥನ್ ಗಣಿತದ ಮೇಷ್ಟರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ, ತರಬೇತಿಗೆಂದು ಲಂಡನ್ನಿಗೆ ಹೋದರು. ಅಲ್ಲಿನ ಗ್ರಂಥಾಲಯಗಳನ್ನು ಸುತ್ತಿ, ಕಂಡ ಬಿಡಿ ಸಂಗತಿಗಳ ಹಿಂದಿನ ಕಾರಣ ಹುಡುಕಿ, ಎಲ್ಲವನ್ನೂ ಐದು ಮಾತುಗಳಿಗೆ ಇಳಿಸಿದರು. ಬಿಡಿಯಿಂದ ಇಡಿಗೆ ನಡೆಯುವ ಈ ದಾರಿಯೇ ಸಂಶೋಧನೆಯಲ್ಲವೇ?

ಪ್ರತಿ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ದೊರೆಯಬೇಕೆನ್ನುವುದು ಎರಡನೆಯ ಸೂತ್ರ. ಇಂಗ್ಲಿಷಿನ ಸೂತ್ರದಲ್ಲಿ ಓದುಗ ಗಂಡಸೇ. ಆದರೆ ಅಧ್ಯಾಯದೊಳಗೆ ಹೆಂಗಸರ ಪರವಾಗಿ, ಹಳ್ಳಿಗರ ಪರವಾಗಿ ವಾದವಿದೆ. ಸೂತ್ರಗಳನ್ನೇ ನಾಟಕದ ಪಾತ್ರಗಳಂತೆ ಮಾತಾಡಿಸಿ ರಂಗನಾಥನ್ ನಮ್ಮನ್ನು ಒಲಿಸಿಕೊಳ್ಳುತ್ತಾರೆ. ಪುಸ್ತಕದ ಸೊಗಸೂ ಅದೇ, ಕೊರತೆಯೂ ಅದೇ. ಹೇಗಿರಬೇಕು ಎಂದು ಹೇಳುವಷ್ಟು ಬಲವಾಗಿ, ಹೇಗಿದೆ ಎಂದು ಅಳೆಯುವ ಬಗೆಯನ್ನು ಅದು ಹೇಳಿಕೊಡುವುದಿಲ್ಲ.

ಅಳೆಯುವುದಕ್ಕೆ ಪ್ರಶ್ನಾವಳಿ ಬೇಕು, ನಿಜ. ಆದರೆ ಅದನ್ನು ಯಾರ ಕೈಗೆ ಕೊಡುತ್ತೇವೆ? ಗ್ರಂಥಾಲಯದಲ್ಲಿ ಕುಳಿತು ಪತ್ರಿಕೆ ಓದುತ್ತಿರುವವರಿಗೆ. ಅವರಲ್ಲಿ ನೂರಕ್ಕೆ ಎಂಬತ್ತು ಮಂದಿ ತೃಪ್ತಿಯಾಗಿದೆ ಎಂದರೆ ನಮಗೆ ಸಮಾಧಾನ. ತೃಪ್ತಿಯಾಗದವಳು ಬರುವುದನ್ನೇ ಬಿಟ್ಟಿದ್ದರೆ ಆ ಲೆಕ್ಕದಲ್ಲಿ ಎಲ್ಲಿದ್ದಾಳೆ? ಎರವಲು ವಹಿಯೂ ಪೂರ್ತಿ ನಿಜ ಹೇಳದು. ಯಜಮಾನರ ಹೆಸರಿನ ಕಾರ್ಡಿನಲ್ಲಿ ಬಂದ ಕಾದಂಬರಿಯನ್ನು ಮಡದಿ, ಅತ್ತೆ, ಪಕ್ಕದ ಮನೆಯಾಕೆ ಓದಿ ಮುಗಿಸಿದರೂ ವಹಿಯಲ್ಲಿ ಓದುಗ ಒಬ್ಬನೇ.

ಆದ್ದರಿಂದ ಮಾದರಿಯನ್ನು ಗ್ರಂಥಾಲಯದ ಹೊರಗಿನಿಂದ ಆರಿಸಬೇಕು. ಬಡಾವಣೆಯ ಪ್ರತಿ ಹತ್ತನೆಯ ಮನೆಯ ಬಾಗಿಲು ತಟ್ಟಿ, ಬಾಗಿಲು ತೆರೆದವರನ್ನಷ್ಟೇ ಅಲ್ಲ, ಒಳಗಿರುವ ಹೆಂಗಸರನ್ನೂ ಕೇಳಬೇಕು. ‘ಸೇವೆ ತೃಪ್ತಿಕರವೇ?’ ಎಂದರೆ ಯಾರಾದರೂ ಹೂಂ ಎಂದಾರು. ಕೊನೆಯ ಸಲ ಓದಿದ ಪುಸ್ತಕ ಯಾವುದು, ತಂದುಕೊಟ್ಟವರು ಯಾರು, ಬಿಡುವು ಸಿಗುವುದು ಯಾವ ಹೊತ್ತಿಗೆ, ಆ ಹೊತ್ತಿನಲ್ಲಿ ಗ್ರಂಥಾಲಯದ ಬಾಗಿಲು ತೆರೆದಿರುತ್ತದೆಯೇ ಎಂದು ಕೇಳಿದರೆ ನಿಜ ಹೊರಬೀಳುತ್ತದೆ.

1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಮ್ಮ ರಾಜ್ಯದ ಪಟ್ಟಣಗಳಲ್ಲಿ ಮನೆಗಂದಾಯದ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಗ್ರಂಥಾಲಯದ ಮೆಟ್ಟಿಲು ಹತ್ತದವಳ ಮನೆಗೂ ಆ ಕರ ತಪ್ಪಿದ್ದಲ್ಲ. ಹಣದ ಲೆಕ್ಕಕ್ಕೆ ಸೇರಿದವಳನ್ನು ಸಂಶೋಧನೆಯ ಲೆಕ್ಕಕ್ಕೂ ಸೇರಿಸಿಕೊಳ್ಳುವುದು ನ್ಯಾಯ.